ಕಪ್ಪೆಗಳಲ್ಲಿ ಪಂಕ್ತಿಭೇದ

ಗಾಜಿನ ತಟ್ಟೆಯಲ್ಲಿ ಅದು ಮತ್ತೆ ಬಿದ್ದಿತ್ತು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಒರೆಸಿಕೊಂಡು, ಇನ್ನೊಮ್ಮೆ ಇಟ್ಟು ನೋಡಿದರೂ ಬಿದ್ದೇ ಇತ್ತು. ಅರ್ಧ ಕರಗಿದ ಒಂದು ಜೇಡ, ಮುರಿದ ಜೀರುಂಡೆಯ ಬೆನ್ನು, ಯಾವುದೋ ನೊಣದ ರೆಕ್ಕೆ, ಇವುಗಳ ನಡುವೆ ತಲೆಯಿಲ್ಲದ, ಮಾಸಲು ಬಿಳಿಯ, ಮೈಯೆಲ್ಲ ಉಂಗುರ ಉಂಗುರವಾದ ಒಂದು ಹುಳು. ಪಕ್ಕದಲ್ಲಿ ಅದರ ತಮ್ಮನಂಥ ಇನ್ನೊಂದು. ನಿನ್ನೆ ಸಂಜೆ ಕಾಡಿನಲ್ಲಿ ಕಂದು ಕಪ್ಪೆಯೊಂದರ ಹೊಟ್ಟೆಯಿಂದ ಅದನ್ನು ಹೊರತೆಗೆದವನು ಅವನೇ. ಮೊನ್ನೆ ಸಂಜೆ ಅದೇ ಕಪ್ಪೆಯ ಬಾಯಿಗೆ ಅದನ್ನು ಹಾಕಿದವನೂ ಅವನೇ. ಈ ಎರಡು ಸಂಗತಿಗಳಲ್ಲಿ ಮೊದಲನೆಯದು ಇಡೀ ಸಂಶೋಧನಾ ಸಂಸ್ಥೆಗೆ ಗೊತ್ತಿತ್ತು. ಎರಡನೆಯದು ಅವನಿಗೆ, ಅವನ ಹೆಂಡತಿಗೆ ಮತ್ತು ಕಪ್ಪೆಗೆ ಮಾತ್ರ. ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ಅವನ ಮಾರ್ಗದರ್ಶಕಿ ಮೇಡಂ ಈ ಹುಳುವನ್ನು ಗೋಡೆಯಗಲದ ಪರದೆಯ ಮೇಲೆ ತೋರಿಸಿ, ತಾವು ಇಷ್ಟು ವರ್ಷ ಹೇಳುತ್ತ ಬಂದದ್ದೇ ಸರಿ ಎಂದು ಸಾಧಿಸುವವರಿದ್ದರು. ಅಷ್ಟರೊಳಗೆ ಬಾಯಿ ಬಿಡಬೇಕು, ಇಲ್ಲವೇ ಜನ್ಮವಿಡೀ ಮುಚ್ಚಿಕೊಂಡಿರಬೇಕು. ಅವನು ಚಿಮಟದಿಂದ ಹುಳುವನ್ನು ಒಮ್ಮೆ ತಿರುಗಿಸಿ ಮಲಗಿಸಿದ. ಆ ಕಡೆಯಿಂದ ನೋಡಿದರೂ ಅದು ಅವನ ಮನೆಯದೇ ಆಗಿತ್ತು.

ಸಂಸ್ಥೆಯಲ್ಲಿ ಅವನನ್ನು ವಾಂತಿ ಡಾಕ್ಟರ್ ಎನ್ನುತ್ತಿದ್ದರು. ಡಾಕ್ಟರ್ ಎನ್ನುವುದು ಇನ್ನೂ ಆಗಿರಲಿಲ್ಲ, ವಾಂತಿ ಮಾತ್ರ ನಿಜ. ಬೇಸಿಗೆಯೆನ್ನುವುದು ಮುಖ ತೋರಿಸಿ ಓಡಿಹೋಗುವ ಉತ್ತರದ ಆ ಕಾಡಿನಲ್ಲಿ, ಸೂಜಿಯೆಲೆಯ ಮರಗಳ ಕೆಳಗೆ, ಹಾವಸೆ ಮತ್ತು ಒದ್ದೆ ಎಲೆಗಳ ನಡುವೆ ಮೂರು ಬಗೆಯ ಜೀವಗಳು ಒಟ್ಟಿಗೆ ಸಂಸಾರ ಮಾಡುತ್ತವೆ: ಚುರುಕಾದ ಕಂದು ಕಪ್ಪೆ, ಗಂಟುಮೈಯ ನೆಲಗಪ್ಪೆ, ಮತ್ತು ಅವನ ಹೆಂಡತಿ 'ಬಾಲ ಇರೋ ಕಪ್ಪೆ' ಎಂದು ಕರೆದು ಮುಗಿಸುವ ಸಲಮಾಂಡರ್. ಒಂದೇ ಮನೆಯಲ್ಲಿ ಮೂವರು ಜಗಳವಿಲ್ಲದೆ ಹೇಗೆ ಉಣ್ಣುತ್ತಾರೆ ಎನ್ನುವುದೇ ಪ್ರಶ್ನೆ. ಅದಕ್ಕಾಗಿ ಅವುಗಳನ್ನು ಹಿಡಿದು, ಮೆತ್ತನೆಯ ಕೊಳವೆಯನ್ನು ಗಂಟಲಿಗೆ ಇಳಿಸಿ, ಪಿಚಕಾರಿಯಿಂದ ನೀರು ತಳ್ಳಿ, ತಲೆಕೆಳಗಾಗಿಸಿ, ತಿಂದದ್ದನ್ನೆಲ್ಲ ಜರಡಿಗೆ ಕಕ್ಕಿಸಿ, ಕಾಲ್ಬೆರಳಿಗೆ ಬಣ್ಣದ ಗುರುತು ಹಾಕಿ ಮತ್ತೆ ಬಿಡಬೇಕು. ಕಪ್ಪೆಗೆ ಪೆಟ್ಟೇನೂ ಆಗುವುದಿಲ್ಲ ಎಂದು ಪುಸ್ತಕಗಳಲ್ಲಿ ಬರೆದಿದೆ. ಹೆಂಡತಿಯ ತವರಿನಲ್ಲಿ ಒಮ್ಮೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳ ತಮ್ಮ, "ಭಾವ, ನಿಮ್ಮ ಕೆಲಸ ಏನು ಅಂತ ಅಮ್ಮನಿಗೆ ಸರಿಯಾಗಿ ಹೇಳಿ," ಎಂದಿದ್ದ. ಇವನು ಸರಿಯಾಗಿ ಹೇಳಿದ್ದ. ಅತ್ತೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, ಮಗಳ ಕಡೆ ಒಂದು ನೋಟ ನೋಡಿದರು. ಅದರಲ್ಲಿ ಹಿಂದೆ ಬಂದಿದ್ದ ಬ್ಯಾಂಕಿನ ಹುಡುಗನ ಸಂಬಂಧ ಬಿಟ್ಟದ್ದರ ಪಶ್ಚಾತ್ತಾಪವೆಲ್ಲ ಇತ್ತು. ಸಂಸ್ಥೆಗೆ ಸೇರುವಾಗ ಮೇಡಂ ಕಪ್ಪೆಯೇ ಏಕೆ ಎಂದು ಕೇಳಿದ್ದಕ್ಕೆ ಅವನು, ಹಕ್ಕಿಗಳ ವಿಭಾಗದಲ್ಲಿ ಜಾಗ ಖಾಲಿಯಿಲ್ಲವಂತೆ, ಎಂದುಬಿಟ್ಟಿದ್ದ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕು, ಸುಳ್ಳು ಹೇಳಲು ಬರದವನು ನಮಗೆ ಬೇಕಾದವನೇ ಎಂದು ತೆಗೆದುಕೊಂಡಿದ್ದರು. ಆ ಮಾತು ಈಗ ನೆನಪಾಗಿ ಕಿವಿ ಬಿಸಿಯಾಯಿತು.

ಶುರುವಾದದ್ದು ಬೇಸಿಗೆಯ ಮೊದಲ ವಾರದಲ್ಲಿ. ಚಳಿಗಾಲವಿಡೀ ಮಣ್ಣಿನಡಿ ಹೆಪ್ಪುಗಟ್ಟಿ ಮಲಗಿದ್ದು, ಎದ್ದು, ಬಹುಶಃ ಆ ವರ್ಷದ ಮೊದಲ ಒಳ್ಳೆಯ ಊಟ ಮುಗಿಸಿ ಕೂತಿದ್ದ ಒಂದು ಕಂದು ಕಪ್ಪೆಯನ್ನು ಹಿಡಿದು, ಅದರ ಊಟವನ್ನೆಲ್ಲ ಅವನು ಜರಡಿಗೆ ಇಳಿಸಿಕೊಂಡಿದ್ದ. ಅಂಗೈ ಬಿಚ್ಚಿದರೂ ಅದು ಹಾರಲಿಲ್ಲ. ಗುಂಡುಗುಂಡಾದ ಕಣ್ಣನ್ನು ಅವನ ಮುಖದ ಮೇಲೆ ನೆಟ್ಟು ಕೂತಿತು. ಗಂಟಲು ಮಾತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಆಯ್ತಲ್ಲ, ಇನ್ನೇನು ಎಂದು ಕೇಳುವ ಒಂದು ಸಾಧುತನವಿತ್ತು. ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮಾರನೆಯ ದಿನವೇ ಹಕ್ಕಿ-ಮೀನು ಮಾರುವ ಅಂಗಡಿಗೆ ಹೋಗಿ, ಗಿಳಿ ಸಾಕಿದವನಂತೆ ಮುಖ ಮಾಡಿಕೊಂಡು, ಹಿಟ್ಟಿನಲ್ಲಿ ಬೆಳೆಸುವ ಹುಳುಗಳನ್ನು ಒಂದು ಹಿಡಿ ತಂದ. ಕಕ್ಕಿಸಿದ ಪ್ರತಿ ಕಂದು ಕಪ್ಪೆಗೂ ಬಿಡುವ ಮುಂಚೆ ಎರಡೆರಡು. ಸಲಮಾಂಡರ್ ಕೈ ಬಿಚ್ಚಿದೊಡನೆ ಎಲೆಯಡಿ ನುಸುಳಿಬಿಡುತ್ತಿತ್ತು. ಕಪ್ಪೆ ಗಪ್ ಎಂದು ನುಂಗಿ, ನುಂಗುವಾಗ ಕಣ್ಣು ಒಳಗೆ ಎಳೆದುಕೊಂಡು, ಮತ್ತೆ ಹೊರಗೆ ಬಿಟ್ಟು, ಆಮೇಲೆ ಹಾರುತ್ತಿತ್ತು. ಅದು ಹಾರಿದ ಮೇಲೆ ಅವನಿಗೆ ಮನೆಗೆ ಹೋಗಿ ಊಟ ಮಾಡಲು ಸಾಧ್ಯವಾಗುತ್ತಿತ್ತು.

ಹುಳುಗಳು ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಓಟ್ಸಿನ ಹಾಸಿಗೆ, ನೀರಿನಂಶಕ್ಕೆ ಕ್ಯಾರೆಟ್ಟಿನ ಹೋಳು. ಯಾರೂ ಹೇಳಿಕೊಡದೆಯೇ ಅವು ತಮ್ಮ ಸಂತಾನವನ್ನು ಬೆಳೆಸಿಕೊಂಡವು.

"ರೀ, ಈ ಡಬ್ಬ ಸರಪರ ಅಂತಿದೆ," ಎಂದಳು ಹೆಂಡತಿ, ಕಸ ಗುಡಿಸುತ್ತಿದ್ದವಳು ಮಂಚದ ಕೆಳಗಿಂದಲೇ.

"ಹುಳ ಕಣೇ. ನಮ್ಮದೇ."

"ನಮ್ಮದೇ ಅಂದ್ರೆ? ಮದುವೆ ಆದಮೇಲೆ ಈ ಮನೆಗೆ ನೀವು ತಂದಿರೋ ಸ್ವಂತ ಆಸ್ತಿ ಇದೊಂದೇ ಅನ್ನಿ."

ಅವಳು ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವವಳು. ಮನುಷ್ಯರನ್ನು ಒಂದೇ ನೋಟದಲ್ಲಿ ಅಳೆದುಬಿಡುತ್ತಿದ್ದಳು. ವಿಷಯವೆಲ್ಲ ಕೇಳಿದ ಮೇಲೆ ಬೈಯಲಿಲ್ಲ. "ಕಪ್ಪೆಗೆ ಕ್ಯಾರೆಟ್ ತಿಂದ ಹುಳ, ನನಗೆ ನಿನ್ನೆಯ ಬ್ರೆಡ್ಡು," ಎಂದಳು ಅಷ್ಟೆ. ಅಂದಿನಿಂದ ಕ್ಯಾರೆಟ್ಟಿನ ಸಿಪ್ಪೆಯನ್ನು ಅವಳೇ ಡಬ್ಬಕ್ಕೆ ಹಾಕುವುದು ಅವನ ಗಮನಕ್ಕೆ ಬಂದಿತ್ತು. ಆದರೆ ಆ ಕಾಡಿನ ಚಳಿಯಲ್ಲಿ ಕಪ್ಪೆಯ ಹೊಟ್ಟೆ ಸಾವಕಾಶವಾಗಿ ಕೆಲಸ ಮಾಡುತ್ತದೆ, ಬೇಲಿ ಹಾಕಿದ ಆ ತುಂಡು ಜಾಗದಲ್ಲಿ ಕೈಗೆ ಸಿಗುವ ಕಪ್ಪೆಗಳು ಮತ್ತೆ ಮತ್ತೆ ಅವೇ, ಇಂದು ಕೊಟ್ಟದ್ದು ನಾಳೆ ತಟ್ಟೆಗೆ ಬರುತ್ತದೆ ಎನ್ನುವುದು ಅವನಿಗೆ, ಅದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವನಿಗೆ, ಹೊಳೆಯಲೇ ಇಲ್ಲ. ಮೊದಲ ಹುಳು ತಟ್ಟೆಯಲ್ಲಿ ಕಂಡಾಗ ಚಿಮಟದಲ್ಲಿ ಎತ್ತಿ ಬಿಸಾಡಲು ಹೋದ. ಹಿಂದೆ ಮೇಡಂ ನಿಂತಿದ್ದರು. "ಏ, ಏ, ಅದೇನೋ ಅದು?" ಎಂದರು. "ಗೊತ್ತಿಲ್ಲ ಮೇಡಂ," ಎಂದ. ಸಣ್ಣ ಮಾತು. ಬಾಯಿಂದ ಜಾರಿ ಬಿದ್ದದ್ದೇ ಅದಕ್ಕೆ ಕೈಕಾಲು ಬಂತು.

ಮೇಡಂ ಇಡೀ ವೃತ್ತಿಜೀವನ ಒಂದೇ ಮಾತು ಹೇಳಿದವರು: ಮೂವರೂ ಊಟ ಹಂಚಿಕೊಳ್ಳುತ್ತಾರೆ. ನೆಲಗಪ್ಪೆಗೆ ಇರುವೆ, ಸಲಮಾಂಡರಿಗೆ ಎಲೆಯಡಿಯ ಪುಡಿ ಹುಳ, ಕಂದು ಕಪ್ಪೆಗೆ ಮೆತ್ತನೆಯ ಮರಿಹುಳು. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಮೊದಲ ಎರಡಕ್ಕೆ ಪುರಾವೆ ಸಿಕ್ಕಿತ್ತು, ಮೂರನೆಯದಕ್ಕೆ ಸಿಕ್ಕಿರಲಿಲ್ಲ. ಪಕ್ಕದ ಕಟ್ಟಡದ ಗಡ್ಡದ ಪ್ರೊಫೆಸರ್ ಅಷ್ಟೇ ಕಾಲದಿಂದ, ಬಾಯಿಗೆ ಹಿಡಿಸಿದ್ದೆಲ್ಲ ಊಟ, ಮೂವರೂ ತಿನ್ನುವುದು ಒಂದನ್ನೇ, ಎಂದು ವಾದಿಸುತ್ತ ಬಂದವರು. ಪ್ರತಿ ಸಭೆಯಲ್ಲೂ ಕೊನೆಗೆ ಎದ್ದು ನಿಂತು, "ಒಂದು ಸಣ್ಣ ಪ್ರಶ್ನೆ," ಎಂದು ಮೇಡಮ್ಮಿಗೆ ನೀರಿಳಿಸುತ್ತಿದ್ದರು. ಈಗ ಮೂರನೆಯದೂ ಸಿಕ್ಕಿತ್ತು. ಅರ್ಧ ಕರಗಿ, ತಲೆ ಕಳೆದುಕೊಂಡು, ಗುರುತೇ ಸಿಗದ ಬಿಳಿಹುಳು. ಕಂದು ಕಪ್ಪೆಯಲ್ಲಿ ಮಾತ್ರ. ಇಷ್ಟು ಚೊಕ್ಕವಾಗಿ ಹಂಚಿಟ್ಟದ್ದು ಕಾಡಲ್ಲ, ತನ್ನ ಕೈ, ಎಂದು ಅವನಿಗೆ ಮಾತ್ರ ಗೊತ್ತಿತ್ತು. ಒಂದು ಸಂಜೆ ಕೊಡುವುದನ್ನು ನಿಲ್ಲಿಸಿ ನೋಡಿದ್ದ. ಕಪ್ಪೆ ಅಂಗೈಯಲ್ಲಿ ಕೂತು ಕಾಯುತ್ತಲೇ ಇತ್ತು. ಕತ್ತಲಾಗುತ್ತ ಬಂದಾಗ ಅವನೇ ಸೋತು ಜೇಬಿನಿಂದ ಹುಳದ ಡಬ್ಬಿ ತೆಗೆದಿದ್ದ.

"ತಿಂದ್ಯೇನೋ ಬೆಳಗ್ಗೆ?" ಈಗ ಪ್ರಯೋಗಾಲಯದ ಬಾಗಿಲಲ್ಲಿ ಮೇಡಂ. ಹೊಸ ಕೋಟು, ಕೂದಲಿಗೆ ಯಾರಿಂದಲೋ ಅಲೆ ಅಲೆ ಮಾಡಿಸಿಕೊಂಡಿದ್ದರು. ನಿವೃತ್ತಿ ಹತ್ತಿರವಾದ ಮುಖದಲ್ಲಿ ಮೊದಲ ದಿನ ಶಾಲೆಗೆ ಹೊರಟ ಹುಡುಗಿಯ ಕಳೆ. ಅದನ್ನು ನೋಡಿ ಅವನು ಚಿಮಟವನ್ನು ಕೆಳಗಿಟ್ಟ.

"ತಿಂದೆ ಮೇಡಂ. ಮೇಡಂ, ಒಂದು ವಿಷಯ..."

"ನನ್ನದೂ ಒಂದು ವಿಷಯ ಇದೆ, ಮೊದಲು ಅದು ಕೇಳು. ಈ ಹುಳು ಹೊಸ ಜಾತಿ ಅಂತ ನನಗೆ ಖಾತ್ರಿ. ನಿನ್ನ ಹೆಸರು ಇಡ್ತೀನಿ."

"ಯಾವುದಕ್ಕೆ?"

"ಹುಳುವಿಗೇ ಕಣೋ. ಮತ್ತಿನ್ಯಾವುದಕ್ಕೆ, ಈ ಕಟ್ಟಡಕ್ಕಾ?" ಅವರು ನಕ್ಕು ಅವನ ಭುಜ ತಟ್ಟಿದರು. "ಇವತ್ತು ಆ ಗಡ್ಡದವನು ಎದ್ದು ಒಂದು ಸಣ್ಣ ಪ್ರಶ್ನೆ ಅನ್ಲಿ ನೋಡೋಣ."

ತನ್ನ ಮೊಮ್ಮಕ್ಕಳು ಮುಂದೊಂದು ದಿನ ಪುಸ್ತಕ ತೆರೆದು, ಓಹೋ, ಇದು ನಮ್ಮ ತಾತ, ಎಂದು ಬಿಳಿಹುಳುವನ್ನು ತೋರಿಸುವುದು, ಅಷ್ಟರಲ್ಲಿ ಯಾರೋ ಹಕ್ಕಿ ಅಂಗಡಿಯವನು ಬಂದು, ಅಯ್ಯೋ ಇದು ನಮ್ಮಲ್ಲಿ ಚಮಚದ ಲೆಕ್ಕದಲ್ಲಿ ಸಿಗುತ್ತದಲ್ಲ, ಎನ್ನುವುದು, ಎಲ್ಲ ಅವನಿಗೆ ಒಮ್ಮೆಲೇ ಕಂಡಿತು. ಬಾಯಿ ತೆರೆದ. ಮೇಡಂ ಅಷ್ಟರಲ್ಲಿ ಕೋಟಿನ ತೋಳನ್ನು ಅವನ ಕಡೆ ಚಾಚಿ, ಬೆರಳಿಗೆ ತಾಗಿದ ನೂಲೆಳೆಯೊಂದನ್ನು ತೋರಿಸಿ, "ಇದನ್ನ ಕಿತ್ತುಬಿಡು, ನನಗೆ ಕನ್ನಡಕ ಇಲ್ದೆ ಕಾಣಲ್ಲ," ಎಂದರು. ಅವನು ಕಿತ್ತ. ನೂಲೆಳೆ ಕಿತ್ತ ಕೈಯಲ್ಲೇ ಅವರ ಮಾನವನ್ನೂ ಕೀಳುವುದು ಅವನಿಂದಾಗಲಿಲ್ಲ. ಮೇಡಂ ಬೂಟು ಟಕಟಕ ಎನ್ನಿಸುತ್ತ ಹೋದರು. ಹೇಳಬೇಕಾದದ್ದು ಗಂಟಲವರೆಗೆ ಬಂದು ನಿಂತಿತ್ತು. ದಿನಾ ಇತರರಿಂದ ಕಕ್ಕಿಸುವವನಿಗೆ ತಾನು ಕಕ್ಕುವುದು ಇಷ್ಟು ಕಷ್ಟ ಎಂದು ತಿಳಿದಿರಲಿಲ್ಲ.

ಸಭೆಗೆ ಇನ್ನೇನು ಹೊತ್ತಾಯಿತು ಎನ್ನುವಾಗ ಅವನು ಸಂಸ್ಥೆಯ ಶೌಚಾಲಯದ ಕನ್ನಡಿಯ ಮುಂದೆ ನಿಂತಿದ್ದ. "ಮೇಡಂ, ನೀವು ನನ್ನನ್ನ ಕ್ಷಮಿಸಬೇಕು," ಎಂದ ಕನ್ನಡಿಗೆ. ಬಹಳ ನಾಟಕವಾಯಿತು. "ಮೇಡಂ, ಒಂದು ಸಣ್ಣ ತಪ್ಪಾಗಿದೆ." ಸಣ್ಣದಲ್ಲ. "ಮೇಡಂ, ನಿಮ್ಮ ಕೆಲಸ, ನಿಮ್ಮ ಹೆಸರು, ನಿಮ್ಮ ಇಷ್ಟು ವರ್ಷದ ಶ್ರಮ, ಎಲ್ಲದಕ್ಕೂ ನಾನು... ಆ ಹುಳ ನಾನೇ ತಿನ್ನಿಸಿದ್ದು." ಕೊನೆಯ ಬಾಗಿಲ ಹಿಂದೆ ನೀರು ಭರ್ರೆಂದಿತು. ಬಾಗಿಲು ತೆರೆದುಕೊಂಡು ಮೊದಲು ಗಡ್ಡ ಬಂತು, ಆಮೇಲೆ ಪ್ರೊಫೆಸರ್ ಬಂದರು. ಅವನ ಪ್ರಾಣ ಹಾರಿಹೋಯಿತು. ಅವರು ಸಾವಕಾಶವಾಗಿ ಕೈಗೆ ಸೋಪು ಹಚ್ಚಿಕೊಂಡರು.

"ಯಾವ ಹುಳ?"

"ಹಕ್ಕಿ ಅಂಗಡೀದು, ಸರ್."

"ಬಿಡುವಾಗ ಕೊಡ್ತಿದ್ಯಾ?"

"ಹೌದು ಸರ್. ಅದು ಹಾಗೇ ನೋಡ್ತಾ ಕೂತಿರುತ್ತೆ."

ಪ್ರೊಫೆಸರ್ ನಲ್ಲಿ ನಿಲ್ಲಿಸಲಿಲ್ಲ. ಬದಲು ಪಕ್ಕದ ನಲ್ಲಿಯನ್ನೂ ಬಿಟ್ಟರು, ಆ ಸದ್ದಿನ ಮರೆಯಲ್ಲಿ ಅವನ ಹತ್ತಿರ ಬಾಗಿದರು. ಗಡ್ಡದಲ್ಲಿ ಸೋಪಿನ ನೊರೆಯಿತ್ತು. "ನಾನು ಎರೆಹುಳು ಕೊಡ್ತಿದ್ದೆ ಕಣಪ್ಪ," ಎಂದರು. "ಸಣ್ಣಗೆ ಹೆಚ್ಚಿ. ಆಗ ಈ ಗಡ್ಡ ಕಪ್ಪಗಿತ್ತು."

"ಕಂದು ಕಪ್ಪೆಗಾ ಸರ್?"

"ಛೆ ಛೆ. ಮೂವರಿಗೂ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡೋದು ಅಂದ್ರೇನು? ಸಮಸಮ ಕೊಡ್ತಿದ್ದೆ." ಇಷ್ಟು ಹೇಳುವಾಗ ಅವರ ಮುಖದಲ್ಲಿ ನಾಚಿಕೆಗಿಂತ ಹೆಮ್ಮೆಯೇ ಇದ್ದಂತಿತ್ತು.

ಅವನು ನಲ್ಲಿಯ ನೀರನ್ನೇ ನೋಡುತ್ತ ನಿಂತ. ಮೂವರ ಹೊಟ್ಟೆಯಲ್ಲೂ ಒಂದೇ ಊಟ, ಎನ್ನುವ ಪ್ರಸಿದ್ಧ ಸಿದ್ಧಾಂತ. ಎರಡು ಪಂಥ, ಎರಡು ಕಟ್ಟಡ, ಎರಡು ಕಡೆಯ ಶಿಷ್ಯರು ಕ್ಯಾಂಟೀನಿನಲ್ಲಿ ಒಂದೇ ಮೇಜಿಗೆ ಕೂರುವುದಿಲ್ಲ. ಕಾಡಿನ ಗುಟ್ಟೆಂದು ಇವರೆಲ್ಲ ಕಚ್ಚಾಡುತ್ತಿದ್ದದ್ದು ಬಡಿಸುವವರ ಸ್ವಭಾವದ ಬಗ್ಗೆ. ಅವನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡೂ ಗಂಟಲಿನಲ್ಲಿ ಡಿಕ್ಕಿ ಹೊಡೆದು ಬಿಕ್ಕಳಿಕೆ ಹೊರಟಿತು.

"ಹೇಳ್ಬೇಡ," ಎಂದರು ಪ್ರೊಫೆಸರ್ ಕೈ ಒರೆಸಿಕೊಳ್ಳುತ್ತ. "ನೀನು ಹೇಳಿದ್ರೆ ನಾಳೆ ಯಾರೋ ನನ್ನನ್ನೂ ಕೇಳ್ತಾರೆ. ಇವತ್ತು ನಿಮ್ಮ ಮೇಡಂ ಗೆಲ್ಲಲಿ. ನಾನು ಪ್ರಶ್ನೆ ಕೇಳಲ್ಲ. ಯಾರಿಗೇನು ನಷ್ಟ ಹೇಳು?" ಗಡ್ಡದ ನೊರೆ ಒರೆಸಿಕೊಳ್ಳದೆಯೇ ಹೋದರು.

ನಿಜಕ್ಕೂ ಯಾರಿಗೂ ನಷ್ಟವಿರಲಿಲ್ಲ. ಸಭಾಂಗಣದ ಮೂರನೆಯ ಸಾಲಿನಲ್ಲಿ ಕೂತು ಅವನು ಅದನ್ನೇ ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ನೋಡಿದ. ಮೇಡಂ ಗೆಲ್ಲುತ್ತಾರೆ. ಪ್ರೊಫೆಸರ್ ಉಳಿದುಕೊಳ್ಳುತ್ತಾರೆ. ಅವನು ಡಾಕ್ಟರ್ ಆಗುತ್ತಾನೆ, ಅತ್ತೆ ಇನ್ನು ತಟ್ಟೆ ಆಚೆ ಸರಿಸುವುದಿಲ್ಲ. ಕಪ್ಪೆಗಳಿಗಂತೂ ಲಾಭವೇ. ಬೇಕಾದದ್ದೆಂದರೆ ಸುಮ್ಮನಿರುವುದು, ಅವನು ಹುಟ್ಟಿದಾಗಿನಿಂದ ಚೆನ್ನಾಗಿ ಮಾಡುತ್ತ ಬಂದ ಕೆಲಸ ಅದೊಂದೇ. ಪರದೆಯ ಮೇಲೆ ಹುಳು ಬಂತು. ಮನೆಯ ಡಬ್ಬದಲ್ಲಿ ಬೆರಳಿನಷ್ಟೂ ಇಲ್ಲದ್ದು ಇಲ್ಲಿ ಗೋಡೆಯುದ್ದ ಮಲಗಿ ರಾಜಗಾಂಭೀರ್ಯದಲ್ಲಿ ಹೊಳೆಯುತ್ತಿತ್ತು. ಜನ ಗುಜುಗುಜು ಎಂದರು. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇದನ್ನ ಕಂಡುಹಿಡಿದ ಕಣ್ಣು ನನ್ನದಲ್ಲ," ಎಂದರು. "ನನ್ನ ಕಣ್ಣು ಮಂಜಾಗಿ ಎರಡು ವರ್ಷ ಆಯ್ತು. ಯಾರಿಗೂ ಹೇಳಿರಲಿಲ್ಲ, ಕೆಲಸ ಬಿಡಿಸ್ತಾರೆ ಅಂತ. ಸೂಕ್ಷ್ಮದರ್ಶಕದಲ್ಲಿ ನನಗೆ ಬರೀ ಮಬ್ಬು ಕಾಣುತ್ತೆ. ಅಲ್ಲಿ ಕೂತಿದ್ದಾನಲ್ಲ, ಅವನು ಏನು ಹೇಳ್ತಾನೋ ಅದೇ ನಾನು ನೋಡೋದು. ಅವನಿಗೆ ಸುಳ್ಳು ಹೇಳೋಕೆ ಬರಲ್ಲ."

ಕುರ್ಚಿ ಕಿರ್ರೆಂದ ಸದ್ದು ಕೇಳಿ ಅವನೂ ಯಾರು ಎದ್ದರೆಂದು ತಿರುಗಿ ನೋಡಿದ. ಎದ್ದಿದ್ದವನು ಅವನೇ. ಅಭ್ಯಾಸ ಮಾಡಿದ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಮೇಡಂ, ಅದು ನಮ್ಮನೆ ಹುಳ," ಎಂದ.

ಸಭೆಗೆ ಅರ್ಥವಾಗಲಿಲ್ಲ. ಅವನು ವಿವರಿಸಿದ. ಮಂಚ ಎಂದ, ಬಿಸ್ಕತ್ತಿನ ಡಬ್ಬ ಎಂದ, ಕ್ಯಾರೆಟ್ ಎಂದ, ಕ್ಯಾರೆಟ್ ಹಾಕುವುದು ಹೆಂಡತಿ ಎಂದು ಬೇಡದ ಕಡೆಯೂ ನಿಜ ಹೇಳಿದ. ಬಿಕ್ಕಳಿಕೆ ಮಾತಿನ ನಡುನಡುವೆ ಚುಕ್ಕಿ ಇಡುತ್ತಿತ್ತು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ನಗು ಸಾಲಿಂದ ಸಾಲಿಗೆ ಹಬ್ಬಿ, ಹಕ್ಕಿಗಳ ವಿಭಾಗದವರಂತೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಎಲ್ಲರ ಕಣ್ಣೂ ಈಗ ಗಡ್ಡದ ಪ್ರೊಫೆಸರರ ಕಡೆ ಹೋಯಿತು. ಇಂಥ ದಿನಕ್ಕಾಗಿ ಅವರು ಜನ್ಮವಿಡೀ ಕಾದಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಅವರು ಬಗ್ಗಿ ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿದರು. ತಲೆ ಎತ್ತಲಿಲ್ಲ.

ಮೇಡಂ ನಗು ನಿಲ್ಲುವವರೆಗೆ ಕಾದರು. ಪರದೆಯ ಬೆಳಕಿನಲ್ಲಿ ಅವರ ಹೊಸ ಕೋಟಿನ ಮೇಲೆ ಹುಳುವಿನ ಒಂದು ತುದಿ ಬಿದ್ದಿತ್ತು. ಅವರು ಬೈಯಲಿ, ಹೊರಗೆ ಹೋಗು ಎನ್ನಲಿ, ಅಳಲಿ, ಯಾವುದಕ್ಕೂ ಅವನು ಸಿದ್ಧನಾಗಿದ್ದ. ಅವರು ಕೇಳಿದ್ದು ಬೇರೆ.

"ಯಾರ್ಯಾರಿಗೆ ಕೊಟ್ಟೆ?"

"ಕಂದು ಕಪ್ಪೆಗೆ ಮೇಡಂ."

"ನೆಲಗಪ್ಪೆಗೆ?"

"ಇಲ್ಲ ಮೇಡಂ."

"ಅದನ್ನೂ ಕಕ್ಕಿಸ್ತಿದ್ದೆ ತಾನೇ?"

"ಹೌದು ಮೇಡಂ."

"ಮತ್ತೆ ಯಾಕೆ ಕೊಡ್ಲಿಲ್ಲ?"

ಅವನು ಯೋಚಿಸಿದ. ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. "ಅದು ನನ್ನ ಕಡೆ ನೋಡ್ತಾ ಇರಲಿಲ್ಲ ಮೇಡಂ. ಬಿಟ್ಟ ಕಡೆ ಹಾಗೇ ಕಲ್ಲಿನ ಥರ ಕೂತಿರ್ತಿತ್ತು. ಅದಕ್ಕೆ ಬೇಡವೇನೋ ಅಂತ."

ಸಭೆ ಮತ್ತೆ ಘೊಳ್ಳೆಂದಿತು. ಮೇಡಂ ವೇದಿಕೆಯಿಂದ ಇಳಿದು, ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ, ಅವನ ಸಾಲಿನವರೆಗೆ ಬಂದರು. ಹತ್ತಿರ ಬಂದಾಗ ಆ ಕಣ್ಣುಗಳ ಮೇಲಿನ ಮಂಜು ಅವನಿಗೆ ಮೊದಲ ಬಾರಿಗೆ ಕಂಡಿತು. ಇಷ್ಟು ದಿನ ಎದುರಿಗೇ ಇದ್ದದ್ದು.

"ಅದರ ರೆಪ್ಪೆ ಇಳಿಬಿದ್ದಿರುತ್ತೆ ಕಣೋ," ಎಂದರು ಮೆಲ್ಲಗೆ. "ಹುಟ್ಟಿನಿಂದಲೇ ಹಾಗೆ. ಅದು ನೋಡ್ತಾನೇ ಇರುತ್ತೆ." ಸಿದ್ಧಾಂತ ಬಿದ್ದಾಗ ನಡುಗದ ದನಿ ಈಗ ನಡುಗಿತು. "ಬೇಸಿಗೆ ಪೂರ್ತಿ ಖಾಲಿ ಹೊಟ್ಟೇಲಿ ಕಳಿಸಿದ್ಯಾ ಅವನ್ನ?"

ನಗುತ್ತಿದ್ದವರು ನಿಲ್ಲಿಸಿದರು. ಅವನು ಹೌದೆಂದು ತಲೆಯಾಡಿಸಿದ. ಅವರಿಗೆ ಅದು ಕಾಣಲಿಲ್ಲವೆಂದು ಹೊಳೆದು, "ಹೌದು ಮೇಡಂ," ಎಂದ. ಕನ್ನಡಿಯ ಮುಂದೆ ಎಷ್ಟೆಲ್ಲ ಬಗೆಯಲ್ಲಿ ಅವನು ಕ್ಷಮೆ ಕೇಳಿದ್ದ, ಅದರಲ್ಲಿ ನೆಲಗಪ್ಪೆಗೆಂದು ಒಂದು ಮಾತೂ ಇರಲಿಲ್ಲ.